ಯಜಮಾನರನ್ನು ಹಿಂದಿನ ಸೀಟಿಗೆ ಹಾಕಿದ ದಿನ

ನಮ್ಮ ಯಜಮಾನರು ಊರಿಗೆಲ್ಲ ಕಾರು ಓಡಿಸುವುದನ್ನು ಕಲಿಸಿದವರು. ನನಗೆ ಕಲಿಸುವುದು ಮಾತ್ರ ಅವರ ಕೈಲಿ ಆಗಿರಲಿಲ್ಲ. ಕಲಿಸುವ ಕಾರಿನಲ್ಲಿ ಮೇಷ್ಟರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಬೇರೆಯವರು ಓಡಿಸುವಾಗ ಅದರ ಮೇಲೆ ಸುಮ್ಮನೆ ಕಾಲಿಟ್ಟಿರುತ್ತಿದ್ದರು, ಹೆಂಡತಿ ಓಡಿಸುವಾಗ ಒತ್ತಿಯೇ ಇರುತ್ತಿದ್ದರು. ಪರೀಕ್ಷೆಯಲ್ಲಿ ನಾನು ಮತ್ತೆ ಮತ್ತೆ ಡುಮ್ಕಿ ಹೊಡೆದದ್ದು ಯಾರಿಂದ ಅಂತ ನೀವೇ ಹೇಳಿ.

ಆ ಬೆಳಿಗ್ಗೆಯೂ ಪಾಠ ನಡೆದಿತ್ತು. ಮಾರುಕಟ್ಟೆ ರಸ್ತೆಯಲ್ಲಿ ಅವರು ಪಕ್ಕೆ ಹಿಡಿದುಕೊಂಡು ಬಗ್ಗಿಬಿಟ್ಟರು. ಮುಖ ಬಿಳಿಚಿಕೊಂಡಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ನನ್ನ ಜೀವ ಬಾಯಿಗೆ ಬಂತು. ಆಸ್ಪತ್ರೆಯತ್ತ ತಿರುಗಿಸಿ ವೇಗ ಹೆಚ್ಚಿಸಿದರೆ ಕಾರು ಮುಗ್ಗರಿಸುತ್ತದೆ. ನೋಡಿದರೆ, ಅಂಥ ನೋವಿನಲ್ಲೂ ಮಹಾರಾಯರ ಕಾಲು ಬ್ರೇಕಿನ ಮೇಲೇ ಇದೆ.

"ಕಾಲು ತೆಗೀರಿ" ಅಂದೆ.

"ನಿಧಾನಕ್ಕೆ ಹೋಗೇ" ಅಂದರು.

ಸಿಟ್ಟು ನೆತ್ತಿಗೇರಿತು. ಕಾರು ನಿಲ್ಲಿಸಿ, ಹಣ್ಣಿನಂಗಡಿಯವನನ್ನು ಕರೆದು, ಇಬ್ಬರೂ ಸೇರಿ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಆಮೇಲೆ ನಾನು ಓಡಿಸಿದ್ದೇ ಓಡಿಸಿದ್ದು. ಕಲಿಯುವವರ ಫಲಕ ಕಂಡವರೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿದರು. ಜೀವದಾಸೆ ಯಾರಿಗಿಲ್ಲ ಹೇಳಿ.

ಸ್ಕ್ಯಾನ್ ನೋಡಿದ ಸರ್ಜನ್ ಮೇಡಂ ಸುತ್ತಿಬಳಸಿ ಮಾತಾಡಲಿಲ್ಲ. ಲಿವರಿನ ಎಡಭಾಗದಲ್ಲಿ ಯಾರಿಗೂ ಗೊತ್ತಾಗದಂತೆ ಬೆಳೆದ ಕ್ಯಾನ್ಸರ್ ಗಡ್ಡೆ ಒಡೆದಿದೆ, ಹೊಟ್ಟೆಯೊಳಗೆ ರಕ್ತ ತುಂಬುತ್ತಿದೆ, ಈಗಿಂದೀಗಲೇ ಆಪರೇಷನ್ ಆಗಬೇಕು ಎಂದರು. ಉಳೀತಾರಾ ಎಂದು ಕೇಳಿದೆ.

"ಮೊದಲು ರಕ್ತ ನಿಲ್ಲಿಸ್ತೀನಮ್ಮ. ಗಡ್ಡೆ ತೆಗೆಯೋಕಾಗುತ್ತಾ ಅನ್ನೋದು ಒಳಗೆ ನೋಡಿದ ಮೇಲೆ."

ನನಗೂ ನಮ್ಮತ್ತೆಗೂ ಮೊದಲಿಂದಲೂ ಎಣ್ಣೆ ಸೀಗೇಕಾಯಿ. ಅವತ್ತು ಸುದ್ದಿ ಕೇಳಿ ಓಡಿಬಂದ ಅವರ ಕೈಯನ್ನು ಆಪರೇಷನ್ ಕೋಣೆಯ ಹೊರಗೆ ನಾನು ಬಿಡಲೇ ಇಲ್ಲ. ಕೊನೆಗೆ ಮೇಡಂ ಮುಖಗವಸು ಇಳಿಸುತ್ತಾ ಬಂದರು. ರಕ್ತ ನಿಂತಿತ್ತು. ಗಡ್ಡೆಯಿದ್ದ ಭಾಗವನ್ನು ಕತ್ತರಿಸಿ ತೆಗೆದಿದ್ದರು, ಉಳಿದ ಲಿವರ್ ಚೆನ್ನಾಗಿತ್ತು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಏನೋ, ಅದು ಪರೀಕ್ಷೆಯಿಂದಲೇ ತಿಳಿಯಬೇಕಿತ್ತು. ಇನ್ನೊಂದು ಮಾತನ್ನೂ ಹೇಳಿದರು: ಕರುಳು ಕೆಲಸ ಶುರುಮಾಡಿದ ಗುರುತಾಗಿ ಗಾಳಿ ಹೋಗಬೇಕು, ಅಲ್ಲಿಯವರೆಗೆ ಊಟವಿಲ್ಲ.

ಎರಡಕ್ಕೂ ಒಟ್ಟಿಗೇ ಕಾದೆವು. ನರ್ಸ್ ಬಂದಾಗಲೆಲ್ಲ ಹೋಯಿತಾ ಎಂದು ವಿಚಾರಿಸುವಳು, ಯಜಮಾನರು ನಾಚಿಕೊಂಡು ಗೋಡೆ ನೋಡುವರು. ಪಕ್ಕದ ಹಾಸಿಗೆಯ ಅಜ್ಜನಿಗಂತೂ ಇದೇ ಚಿಂತೆಯಾಯಿತು.

ಒಂದು ಮಧ್ಯಾಹ್ನ ಮೇಡಂ ವರದಿ ಹಿಡಿದು ಒಳಗೆ ಬಂದರು. ಅವರು ಬಾಯಿ ತೆರೆಯುವಷ್ಟರಲ್ಲಿ ಹಾಸಿಗೆಯಿಂದ ಸದ್ದು ಬಂತು. ಸಣ್ಣ ಸದ್ದೇನಲ್ಲ. ಅಜ್ಜ ಚಪ್ಪಾಳೆ ತಟ್ಟಿದ, ಅತ್ತೆ ಕೈ ಮುಗಿದರು. ಯಜಮಾನರು ಹೊಲಿಗೆಯ ಮೇಲೆ ದಿಂಬು ಅವುಚಿಕೊಂಡು, ನೋವು ತಿನ್ನುತ್ತಲೇ ನಕ್ಕರು. ಮೇಡಂ ತಮ್ಮ ನಗು ತಡೆದುಕೊಂಡು ಹೇಳಿದರು:

"ಅಂಚಿನಲ್ಲಿ ಏನೂ ಉಳಿದಿಲ್ಲ. ತಪಾಸಣೆಗೆ ಮಾತ್ರ ಬರ್ತಾನೇ ಇರ್ಬೇಕು. ಈಗ ಊಟ ಕೊಡಿ."

ಇಷ್ಟು ವರ್ಷ ಅದೇ ಸದ್ದಿಗೆ ಅವರನ್ನು ಕೋಣೆಯಿಂದಾಚೆ ಅಟ್ಟುತ್ತಿದ್ದವಳು ನಾನು. ಅವತ್ತು ಅವರ ಕೆನ್ನೆ ಎರಡೂ ಕೈಯಲ್ಲಿ ಹಿಡಿದು, ಇಡೀ ವಾರ್ಡಿನ ಎದುರಿಗೇ ಮುತ್ತಿಟ್ಟು, ಸಂತೋಷಕ್ಕೆ ಗೊಳೋ ಎಂದು ಅತ್ತುಬಿಟ್ಟೆ.