ಮೊನ್ನೆ ಚಹಾ ಕುಡಿದು ಹೋದವನು

"ಚಿಕಾಗೊ ಅಂದ್ರ ಅಮೇರಿಕಾದಾಗ ಒಂದ ಊರಪಾ," ಹಮಾಲರ ಸಂಘದ ಗಂಗಯ್ಯ ಮೈಕು ಹಿಡಿದು ಹೇಳುತ್ತಿದ್ದ. "ಎಂಟ ತಾಸ ದುಡೀತೇವಿ, ಎಂಟ ತಾಸ ಮಲಗತೇವಿ, ಉಳದ ಎಂಟ ತಾಸ ನಮ್ಮದು ಅಂದ್ರು ಅಲ್ಲಿ ಮಂದಿ. ಅಷ್ಟ ಅಂದಿದ್ದಕ್ಕ ಗುಂಡ ಹಾಕಿದ್ರು, ಗಲ್ಲಿಗೇರಿಸಿದ್ರು. ದುಡಿಯೋ ಎತ್ತಿಗೆ ಕಾರಹುಣ್ಣಿವಿ ಐತಿ. ದುಡಿಯೋ ಮನಶಾಗ ಒಂದ ದಿನಾ ಬ್ಯಾಡೇನು? ಅದ ಈ ಮೇ ಒಂದನೇ ತಾರೀಖು."

ಬೈಲಹೊಂಗಲದ ಕಾಳಿನ ಪೇಟೆಯಲ್ಲಿ ಈ ಕಥೆಯನ್ನು ಅವನು ಪ್ರತಿ ವರ್ಷ ಹೇಳುತ್ತಾನೆ. ಹಮಾಲರಿಗೆಲ್ಲ ಬಾಯಿಪಾಠವಾಗಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದ ಸಾವಂತ್ರೆವ್ವನಿಗೆ ಮಾತ್ರ ಅದರಲ್ಲಿ ಒಂದಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ. ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು, ಕೈಗಳನ್ನು ಅದರೊಳಗೇ ಅಡಗಿಸಿಕೊಂಡು, ವೇದಿಕೆಯ ಮೇಲಿದ್ದ ವೀರಪ್ಪ ಸಾವಕಾರರನ್ನೇ ನೋಡುತ್ತಿದ್ದಳು. ತಾಳಿದವನು ಬಾಳಿಯಾನು ಎಂಬ ಮಾತು ಅವಳಿಗೂ ಗೊತ್ತಿತ್ತು. ಆದರೆ ಅವಳು ಇಷ್ಟು ವರ್ಷ ತಾಳಿಕೊಂಡದ್ದು ಬಾಳುವುದಕ್ಕಲ್ಲ, ಈ ಮನುಷ್ಯನ ಮುಖಕ್ಕೆ ನಾಲ್ಕು ಜನರೆದುರು ಮಸಿ ಬಳಿಯುವುದಕ್ಕೆ.

ಪೇಟೆಯಲ್ಲಿ ಮೊದಲಿನಿಂದ ಒಂದು ರೂಢಿ. ತೂಕದ ಹೊತ್ತಿಗೆ ಚೀಲದಿಂದ ನೆಲಕ್ಕೆ ಸೂಸಿದ ಕಾಳು ಕಸ ಗುಡಿಸುವ ಹೆಂಗಸರದು. ಮಣ್ಣುಸಮೇತ ಬಳಿದು, ಮನೆಯಲ್ಲಿ ಕೇರಿ ಹಸನು ಮಾಡಿಕೊಂಡರೆ ಒಂದು ಹೊತ್ತಿನ ಪಲ್ಯಕ್ಕಾಗುತ್ತಿತ್ತು. ಅದನ್ನು ಯಾರೂ ಕಳವು ಎಂದವರಲ್ಲ, ವೀರಪ್ಪ ಬಂದು ಅಪ್ಪನ ದಲಾಲಿ ಅಂಗಡಿಯ ಗಾದಿಯ ಮೇಲೆ ಕೂರುವವರೆಗೆ. ಒಂದು ಸಂಜೆ ಅವರು ಸಾವಂತ್ರೆವ್ವನನ್ನು ತಡೆದು ನಿಲ್ಲಿಸಿ, "ಉಡಿ ಝಾಡಸಬೇ" ಎಂದರು. ಸೆರಗಿನ ಮಡಿಲಿಂದ ಹಿಡಿ ಕಡಲೆ ನೆಲಕ್ಕುದುರಿತು. "ನೋಡ್ರಪಾ, ಭರಮಪ್ಪನ ಹೇಂತಿ ಕಳ್ಳಿ!"

ಹಮಾಲರೆಲ್ಲ ಸುತ್ತ ನಿಂತಿದ್ದರು. ಅವಳ ಗಂಡ ಭರಮಪ್ಪನೂ ಬೆನ್ನ ಮೇಲೆ ಚೀಲ ಹೊತ್ತು ಅಲ್ಲೇ ನಿಂತಿದ್ದ. ಚೀಲ ಇಳಿಸಲಿಲ್ಲ, ತುಟಿ ಪಿಟಕ್ಕೆನ್ನಲಿಲ್ಲ. ಮರುದಿನವೇ ನಾಚಿಕೆಯಿಂದ ಪೇಟೆ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು ಮನೋಳಿಗೆ ಹೋಗಿ ಹೊಳೆದಂಡೆಯ ಭಟ್ಟಿಯಲ್ಲಿ ಇಟ್ಟಂಗಿ ಹೊತ್ತ. ಮೂರು ವರ್ಷದ ಹಿಂದೆ ಅಲ್ಲಿಯೇ ಸತ್ತ. ಹೆಗಲು ಕೊಡಲು ಹಮಾಲರು ಟೆಂಪೋ ಮಾಡಿಕೊಂಡು ಹೋಗಿದ್ದರು. ವೀರಪ್ಪನವರಿಗೆ ಗೊತ್ತಾಗಲಿಲ್ಲ. ಹಮಾಲ ಸತ್ತ ಸುದ್ದಿ ಗಾದಿಯ ತನಕ ಏರುವುದುಂಟೆ? ಗಂಡನನ್ನು ಮಣ್ಣು ಮಾಡಿದ ಮೇಲೆ ಸಾವಂತ್ರೆವ್ವ ಪೇಟೆಗೆ ಮರಳಿ ಬಂದಳು. ಕಸ ಗುಡಿಸುವುದಕ್ಕೆ ಬಂದಳು ಎಂದು ಜನ ತಿಳಿದರು.

ಈ ಸಲ ಸಾವಕಾರರು ಪೇಟೆ ಸಮಿತಿಯ ಚುನಾವಣೆಗೆ ನಿಂತಿದ್ದರು. ಹಾಗಾಗಿ ಬಡವರ ಮೇಲೆ ಒಮ್ಮೆಗೇ ಪ್ರೀತಿ ಉಕ್ಕಿತ್ತು. ವಾರದ ಹಿಂದೆ ಅವರ ಹೊಸ ಗುಮಾಸ್ತ ಶಿವಲಿಂಗ ಅವಳನ್ನು ಹುಡುಕಿಕೊಂಡು ಬಂದ. ಎಂದಿನಂತೆ ಧೂಳಿಗೆಂದು ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ಅವಳು ಗುಡಿಸುತ್ತಿದ್ದಳು.

"ಪ್ಯಾಟ್ಯಾಗ ಹಳೇ ಮಂದಿ ಅಂತ ಮೇ ಒಂದಕ್ಕ ಸಾವಕಾರ್ರು ನಿಮಗ ಸನ್ಮಾನ ಮಾಡ್ತಾರಂತ್ರಿ. ಅಕ್ಕಾವ್ರು ಉಡಿ ತುಂಬತಾರ. ಭರಮಪ್ಪಣ್ಣನ್ನೂ ಕರಕೊಂಡ ಬರ್ರಿ ಅಂದಾರ."

ಕಸಬರಿಗೆ ಅವಳ ಕೈಯಲ್ಲೇ ನಿಂತಿತು. ಉಡಿ ತುಂಬುವುದು ಗಂಡನಿದ್ದ ಮುತ್ತೈದೆಗೆ.

"ನಾ ಬರತೇನಿ ಅಂತ ಹೇಳಪಾ," ಎಂದಳು. "ಅವರಿಗೆ ಬರಾಕ ಆಗೂದಿಲ್ಲ."

ಸುದ್ದಿ ಕೇಳಿ ಗಂಗಯ್ಯ ಓಡಿ ಬಂದ. "ಸಾವಂತ್ರೆವ್ವಾ, ಅವರಿಗೆ ಗೊತ್ತಿಲ್ಲ ಕಾಣತೈತಿ. ನಾ ಹೇಳಲೇನು?"

"ಬ್ಯಾಡ ಗಂಗಯ್ಯಣ್ಣಾ. ಒಬ್ಬರೂ ಬಾಯಿ ಬಿಡಬಾರದು. ನಾ ಕಳ್ಳಿ ಅನಸ್ಕೊಂಡಾಗ ಎಲ್ಲಾರೂ ಸುಮ್ಮ ನಿಂತಿದ್ರೆಲ್ಲ? ಇನ್ನೊಮ್ಮೆ ನನ್ನ ಸಲುವಾಗಿ ಸುಮ್ಮ ನಿಂದರ್ರಿ."

ಗಂಗಯ್ಯನಿಗೆ ತಲೆ ಎತ್ತಲಾಗಲಿಲ್ಲ. ಇಡೀ ವಾರ ಪೇಟೆಯ ಒಬ್ಬ ಹಮಾಲನೂ ಬಾಯಿ ಬಿಡಲಿಲ್ಲ.

ವೇದಿಕೆಯ ಮೇಲೆ ಈಗ ವೀರಪ್ಪನವರ ಸರದಿ. ಕಾರ್ಮಿಕರೇ ದೇಶದ ಬೆನ್ನೆಲುಬು ಎಂದರು, ಕಾಯಕವೇ ಕೈಲಾಸ ಎಂದರು. ಫೋಟೋದವರು ಮುಂದೆ ಬಂದಾಗ ಅವರ ದನಿ ಇನ್ನಷ್ಟು ಮೆತ್ತಗಾಯಿತು.

"ಇನ್ನ ನಮ್ಮ ಭರಮಪ್ಪ. ಅಂವಾ ನಮ್ಮ ಮನಿ ಮಗಾ ಇದ್ದಂಗ್ರಿ. ಇವತ್ತಿಗೂ ಬಾಳ ವಿಶ್ವಾಸ. ಮೊನ್ನೆರ ಅಂಗಡಿಗೆ ಬಂದಿದ್ದ. ಬಾಜೂಕ ಗಾದಿ ಮ್ಯಾಲೆ ಕುಂಡ್ರಿಸಿ, ಚಾ ಕುಡಿಸಿ ಕಳಿಸೇನಿ. ಆರಾಮ ಇಲ್ಲಂತ, ಹಿಂಗಾಗಿ ಬಂದಿಲ್ಲ ಪಾಪ."

ಶಾಮಿಯಾನದಲ್ಲಿ ಉಸಿರಿನ ಸದ್ದೂ ಇಲ್ಲದಂತಾಯಿತು. ತಮ್ಮ ಮಾತು ಜನರ ಎದೆಗೆ ನಾಟಿತು ಎಂದುಕೊಂಡ ಸಾವಕಾರರು ಕರವಸ್ತ್ರದಿಂದ ಕಣ್ಣಂಚು ಒರೆಸಿಕೊಂಡರು. ಉಡಿ ತುಂಬಲು ಬಂದಾಗ ಅವರ ಮುಖ ಬಾಡೀತು ಎಂದಷ್ಟೇ ಸಾವಂತ್ರೆವ್ವ ಲೆಕ್ಕ ಹಾಕಿದ್ದಳು. ತಮ್ಮ ಕುಣಿಯನ್ನು ತಾವೇ ಇಷ್ಟು ಆಳ ತೋಡಿಕೊಂಡಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಹೆಸರು ಕೂಗಿದರು. ಅವಳು ಮೆಟ್ಟಿಲು ಹತ್ತಿದಳು. ಸಾವಕಾರರ ಹೆಂಡತಿ ಅನ್ನಪೂರ್ಣಾ ಖಣ, ತೆಂಗಿನಕಾಯಿ, ಅಕ್ಕಿಯ ತಾಟು ಹಿಡಿದು ಬಂದಳು. ಏನೂ ಅರಿಯದ ಹೆಂಗಸು. ಕುಂಕುಮದಲ್ಲಿ ಬೆರಳು ಅದ್ದಿ ಎತ್ತಿದಾಗ ಸಾವಂತ್ರೆವ್ವ ತಾನೇ ಸೆರಗು ಹಿಂದಕ್ಕೆ ಸರಿಸಿದಳು. ಬೋಳು ಹಣೆ. ಬಳೆಯಿಲ್ಲದ ಕೈ. ಅನ್ನಪೂರ್ಣಾಳ ಬೆರಳು ಗಾಳಿಯಲ್ಲೇ ನಿಂತಿತು.

"ಅಯ್ಯ ಶಿವನ! ಯಾವಾಗವಾ?"

ಗಂಗಯ್ಯ ಏನೂ ಕೇಳದೆ ಮೈಕನ್ನು ಸಾವಂತ್ರೆವ್ವನ ಕೈಗಿಟ್ಟ.

"ಮೂರ ವರ್ಷ ಆತ್ರಿ ಅಕ್ಕಾರ. ಮನೋಳಿ ಹೊಳಿ ದಂಡ್ಯಾಗ ಮಣ್ಣ ಮಾಡೇವಿ. ಇಲ್ಲಿ ಕುಂತವರ ಹೆಗಲ ಕೊಟ್ಟಾರ. ಮಣ್ಣಾಗಿಂದ ಎದ್ದು ಮೊನ್ನೆ ನಿಮ್ಮ ಅಂಗಡಿಗೆ ಬಂದು ಚಾ ಕುಡದಾನಂದ್ರ, ನನಗ್ಯಾಕ ಹೇಳಿ ಕಳಸಲಿಲ್ರಿ ಸಾವಕಾರ್ರ? ನನಗೂ ಅವನ ಕೂಡ ಒಂದೀಟ ಮಾತಾಡೂದಿತ್ತು."

"ನಾ ಬ್ಯಾರೆ ಭರಮಪ್ಪನ್ನ..." ಎಂದು ವೀರಪ್ಪ ತೊದಲಿದರು.

"ಹೌದ್ರಿ, ಸ್ವರ್ಗದಾಗಿನ ಭರಮಪ್ಪ!" ಹಿಂದಿನಿಂದ ಯಾರೋ ಕೂಗಿದರು. ಇಡೀ ಶಾಮಿಯಾನ ಗೊಳ್ಳೆಂದಿತು. ಬಯ್ದಿದ್ದರೆ ಸಾವಕಾರರು ತಿರುಗಿ ಬಯ್ಯುತ್ತಿದ್ದರು, ನಗುವವರಲ್ಲಿ ಯಾರನ್ನೆಂದು ಬಯ್ಯುವುದು?

"ಅವತ್ತ ನನ್ನ ಉಡಿ ಝಾಡಿಸಿ ಮಂದಿಗೆ ತೋರಿಸಿದ್ರಿ," ಎಂದಳು ಸಾವಂತ್ರೆವ್ವ. "ಇವತ್ತ ನಿಮ್ಮ ಬಾಯಿ ಝಾಡಿಸೇನಿ. ಏನ ಬಿತ್ತು, ಮಂದಿನ ನೋಡಲಿ. ಕಳ್ಳರ ಯಾರು, ಅವರ ಹೇಳಲಿ."

ಮೈಕು ಕೊಟ್ಟು ಇಳಿದು ಬಂದಳು. ಅವಳ ಎದೆ ಹಿಗ್ಗಿತ್ತು. ಸುಳ್ಳೇಕೆ, ಬಹಳವೇ ಹಿಗ್ಗಿತ್ತು.

ಸಾವಕಾರರು ಕಾರು ಹತ್ತಿ ಹೋಗಿಬಿಡುತ್ತಿದ್ದರೋ ಏನೋ. ಆದರೆ ಮೇ ಒಂದರಂದು ಅಂಗಡಿಯವರು ತಮ್ಮ ಕೈಯಾರೆ ಹಮಾಲರಿಗೆ ಬಡಿಸಬೇಕೆಂಬುದು ಈ ಪೇಟೆಯ ಕಟ್ಟಳೆ. ಯಾವುದೋ ಕಾಲದ ಮುಷ್ಕರದಲ್ಲಿ ಗಂಗಯ್ಯನ ಅಪ್ಪ ಮಾಡಿಸಿದ್ದು. ತಪ್ಪಿಸಿದರೆ ಮರುದಿನ ಆ ಅಂಗಡಿಯ ಚೀಲ ಯಾರೂ ಎತ್ತುವುದಿಲ್ಲ. ಹಮಾಲರು ನಗುನಗುತ್ತ ಪಂಕ್ತಿಯಲ್ಲಿ ಕುಳಿತರು. ಗೋಧಿ ಹುಗ್ಗಿ ಏನು ತಪ್ಪು ಮಾಡಿತ್ತು? ಸಾವಂತ್ರೆವ್ವನೂ ಅವರ ನಡುವೆ ಕುಳಿತಳು.

ವೀರಪ್ಪ ಬಕೆಟ್ಟು ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತ ಬಂದರು. ಅವಳೆದುರು ಬಗ್ಗಿದಾಗ ಸೌಟು ಬಕೆಟ್ಟಿನಲ್ಲೇ ಉಳಿಯಿತು. ಅಕ್ಕಪಕ್ಕದವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, "ಏನಾಗಿತ್ತವಾ ಅವಗ?" ಎಂದರು.

ಉಡಿ ಝಾಡಿಸಿದ ಆ ಸಂಜೆಯಿಂದ ಅವಳು ಗಂಡನ ಕೂಡ ಮಾತು ಬಿಟ್ಟಿದ್ದಳು. ಕೊನೆಯ ದಿನ ಭಟ್ಟಿಯಿಂದ ಬಂದವನು ಬಾಗಿಲಲ್ಲಿ ಕುಳಿತು, ಎದೆ ಹಿಡೀತೈತಿ, ನೀರು ಕೊಡು ಎಂದಿದ್ದ. ಅವಳು ಮುಖ ನೋಡದೆ ಚರಿಗೆ ಕುಕ್ಕಿ ಒಳಗೆ ಹೋಗಿದ್ದಳು. ತಿರುಗಿ ಬರುವಷ್ಟರಲ್ಲಿ ಹೊರಳಿ ಬಿದ್ದಿದ್ದ. ಚರಿಗೆಯ ನೀರು ಹಾಗೇ ಇತ್ತು.

ಈ ಸಾವಕಾರನಿಗೆ ಹೇಳುವ ಮಾತೇ ಅದು?

"ನೀಡ್ರಿ," ಎಂದಳು. "ಮುಂದ ಮಂದಿ ಕಾಯಾಕತ್ತಾರ."

ಸೌಟು ಬಿತ್ತು, ಬಕೆಟ್ಟು ಮುಂದೆ ಹೋಯಿತು. ಹುಗ್ಗಿ ಬಿಸಿಯಿತ್ತು. ಸಾವಂತ್ರೆವ್ವ ತಲೆ ತಗ್ಗಿಸಿ, ಊದಿ ಊದಿ ಉಂಡಳು.