ಇಪ್ಪತ್ತಮೂರನೆಯ ನಿಪ್ಲು

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂದು ಎರಡು ವರ್ಷ ಯೋಚಿಸಿದೆ. ಕತೆ ನನ್ನದಲ್ಲ, ನಮ್ಮ ಕೇರಿಯ ನಿಂಗಯ್ಯಣ್ಣನದು. ಅವನಿಗೆ ಅಕ್ಷರ ಬಾರದು. ನನಗೆ ಸಂಜೆ ಶಾಲೆಯಲ್ಲಿ ಕಲಿತಷ್ಟು ಬರುತ್ತದೆ. ಬರೆಯಲು ನನಗಿರುವ ಹಕ್ಕು ಅದೊಂದೇ. ಇದರಲ್ಲಿ ನಾನು ಮಾಡಿದ ತಪ್ಪೂ ಒಂದಿದೆ. ಅದು ಬಂದಾಗ ನಾಲ್ಕು ಮಾತು ಬೈದು ಮುಂದೆ ಓದಿ.

"ಲೇ, ಕೈ ತೆಗಿಯೋ ಬೋಳಿಮಗನೇ! ಅದು ನಿನ್ನ ಮೂತಿಗೆ ತರಿಸಿದ್ದಲ್ಲ!"

ಹೀಗೆ ಕೂಗಿದ್ದು ನಮ್ಮ ಇಂಜಿನಿಯರು ಅನಂತಪದ್ಮನಾಭ. ನಿಂಗಯ್ಯಣ್ಣ ಮುಟ್ಟಿದ್ದು ಹೊಸದಾಗಿ ಬಂದಿದ್ದ ಗ್ರೀಸ್ ಗನ್ನನ್ನು. ಮೈಸೂರಿನ ನಜರ್‌ಬಾದಿನ ಆಚೆಯ ಒಂದು ಯಾರ್ಡು ಅದು. ಯಾವ ಇಲಾಖೆಯದೆಂದು ಹೇಳುವ ಧೈರ್ಯ ನನಗಿಲ್ಲ. ನಾನು ಅಲ್ಲಿ ರಿಜಿಸ್ಟರು ಬರೆಯುವವನು. ಸಾವಿರದ ಒಂಬೈನೂರ ಐವತ್ತೊಂಬತ್ತು, ಶನಿವಾರ, ಮಟಮಟ ಮಧ್ಯಾಹ್ನ.

ಬುಲ್ಡೋಜರಿನ ಮೈಮೇಲೆ ಅಲ್ಲಲ್ಲಿ ಕಡಲೆಕಾಳಿನಷ್ಟು ಗಾತ್ರದ ತೊಟ್ಟುಗಳಿರುತ್ತವೆ. ನಾವು ನಿಪ್ಲು ಅನ್ನುತ್ತೇವೆ. ಅದಕ್ಕೆ ಗನ್ನಿನ ಬಾಯಿ ಕೊಟ್ಟು ಒಳಕ್ಕೆ ಗ್ರೀಸು ತುಂಬಬೇಕು. ಒಂದು ಬಿಟ್ಟುಹೋದರೂ ಒಳಗಿನ ಬೇರಿಂಗು ಒಣಗಿ, ಕಾದು, ಕಚ್ಚಿಕೊಂಡು, ಯಂತ್ರ ನಿಂತಲ್ಲೇ ನಿಲ್ಲುತ್ತದೆ. ಹನ್ನೊಂದು ವರ್ಷ ನಿಂಗಯ್ಯಣ್ಣ ಕೆಸರಲ್ಲಿ ಮಲಗಿ, ಕೈಗನ್ನಿನ ಹಿಡಿ ಒತ್ತಿ ಒತ್ತಿ ಆ ಕೆಲಸ ಮಾಡಿದ್ದ. ಹೊಲಸು ಕೆಲಸ, ಹಾಗಾಗಿ ಅದು ನಮ್ಮವರದು, ದಿನಗೂಲಿಯದು. ಹೊಸ ಗನ್ನು ಗಾಳಿಯ ಒತ್ತಡದ್ದು. ಬೆರಳಲ್ಲಿ ಒತ್ತಿದರೆ ಗ್ರೀಸು ತಾನೇ ನುಗ್ಗುತ್ತದೆ, ಕೈಗೆ ಅಂಟುವುದಿಲ್ಲ. ಕೈಗೆ ಅಂಟದ ಕೂಡಲೇ ಕೆಲಸಕ್ಕೆ 'ಆಪರೇಟರು' ಎಂದು ಹೆಸರು ಬಂತು, ಖಾಕಿ ಬಟ್ಟೆ ಬಂತು, ಕೂರಲು ಸ್ಟೂಲು ಬಂತು, ಖಾಯಂ ಆಯಿತು. ಇಂಜಿನಿಯರ ಹೆಂಡತಿಯ ತಮ್ಮ ಬಿಂದುಮಾಧವನೂ ಬಂದ.

"ನಿಂಗ, ಇವತ್ತು ಇವನಿಗೆ ಎಲ್ಲಾ ಪಾಯಿಂಟು ತೋರಿಸಿಬಿಡು. ಸೋಮವಾರ ಮಂತ್ರಿಗಳು ಬಡಾವಣೆ ಕೆಲಸ ಶುರು ಮಾಡಿಸ್ತಾರೆ, ಗಾಡಿ ನಿಲ್ಲಬಾರದು. ಆಮೇಲೆ ನೀನು ಬರೋದು ಬೇಡ."

"ಅನ್ನೊಂದು ವರ್ಸ ಆಯ್ತು ಬುದ್ಧೀ..."

"ಅದಕ್ಕೇ ಹೇಳಿದ್ದು. ಸುಸ್ತಾಗಿರತ್ತೆ."

ಬಿಂದುಮಾಧವ ನಿಂಗಯ್ಯಣ್ಣ ಮುಟ್ಟಿದ ಗನ್ನಿಗೆ ಸೀಮೆಎಣ್ಣೆಯಲ್ಲಿ ಮೂರು ಸಲ ಸ್ನಾನ ಮಾಡಿಸಿದ. ಆಮೇಲೆ ಮೊದಲ ನಿಪ್ಲಿಗೆ ಸಿಕ್ಕಿಸಿ ಒತ್ತಿದ. ಒತ್ತಿಯೇ ಒತ್ತಿದ. ಟಪ್ಪೆಂದು ಗ್ರೀಸು ತಡೆಯುವ ಸೀಲು ಕಿತ್ತುಹೋಗಿ, ಹಳೆಯ ಕರಿ ಗ್ರೀಸು ಅವನ ಮೂಗಿನ ಮೇಲೆ ಕೂತಿತು.

"ಉಣ್ಣೋನು ಸಾಕು ಅಂದ್ಮೇಲೂ ಬಡುಸ್ತಿದ್ರೆ ಕಕ್ದೆ ಇನ್ನೇನ್ ಮಾಡ್ತದೆ ಸ್ವಾಮೇರಾ? ಕೈಗನ್ನಾಗಿದ್ರೆ ಅಂಗೈಗೇ ಗೊತ್ತಾಗದು," ಅಂದ ನಿಂಗಯ್ಯಣ್ಣ.

"ಭಾವ, ಇವನು ಯಾಕೆ ಬೇಕು? ಪುಸ್ತಕ ಇದೆಯಲ್ಲ!"

ಇಂಜಿನಿಯರು ಬುಲ್ಡೋಜರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನನ್ನ ಕಡೆ ಎಸೆದರು. "ಓದೋ ಸಿದ್ದರಾಜು. ಎಷ್ಟು ಪಾಯಿಂಟು?"

"ಇಪ್ಪತ್ತೆರಡು ಸಾರ್."

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಲೆಕ್ಕ ತಪ್ಪಿದರೆ ನನಗೆ ಅನ್ನ ಸೇರುವುದಿಲ್ಲ. "ಆದರೆ ಸಾರ್, ನಿಂಗಯ್ಯಣ್ಣ ದಿನಾ ಇಪ್ಪತ್ತಮೂರು ಹೆಸರು ಹೇಳ್ತಾನೆ," ಅಂದುಬಿಟ್ಟೆ.

ನಿಂಗಯ್ಯಣ್ಣ ನನ್ನನ್ನೊಮ್ಮೆ ನೋಡಿದ. ಬೈಯಲಿಲ್ಲ.

ಹೆಸರಿನ ವಿಷಯ ಇಷ್ಟೇ. ಬರೆದಿಟ್ಟುಕೊಳ್ಳಲು ಬಾರದವನು ಒಂದೂ ಬಿಟ್ಟುಹೋಗದಂತೆ ಒಂದೊಂದು ನಿಪ್ಲಿಗೆ ತನ್ನನ್ನು ಹೀಯಾಳಿಸಿದ ಒಬ್ಬೊಬ್ಬರ ಹೆಸರಿಟ್ಟಿದ್ದ. "ಲೆಕ್ಕ ಮರ್ತೋಯ್ತದೆ ಕಣ್ಲಾ ಸಿದ್ದರಾಜ," ಎಂದು ನನಗೊಮ್ಮೆ ಹೇಳಿದ್ದ, "ಅವ್ಮಾನ ಮರ್ಯಾಕಾಗಕಿಲ್ಲ."

"ಹೇಳು ಎಲ್ಲಾನೂ. ಸಿದ್ದರಾಜು, ರಿಜಿಸ್ಟರಲ್ಲಿ ಬರಕೋ," ಅಂದರು ಇಂಜಿನಿಯರು.

ನಿಂಗಯ್ಯಣ್ಣ ಬುಲ್ಡೋಜರಿನ ಅಡಿಗೆ ತೂರಿಕೊಂಡ. ದನಿ ಕೆಳಗಿನಿಂದ ಬಂತು.

"ಬರ್ಕೋ. ಎಡಗಡೆ ಮುಂದ್ಲ ಚಕ್ರ, ಪೂಜಾರಿ ಸದಾಶಿವಯ್ಯ. ಆಯುಧಪೂಜೇಲಿ ಬುಲ್ಡೋಜರ್ ಅಣೆಗೆ ಕುಂಕ್ಮ ಇಕ್ಕಿ, ನಂಗೆ ಆರಡಿ ದೂರ್‍ದಿಂದ ಎಸ್ದೋನು. ಕಣ್ಗೆ ಬಿತ್ತು. ಅದ್ರ ಇಂದ್ಲದು ಮಂಜುಳಮ್ಮ. ಬಾಡ್ಗೆ ಮನೆ ಕೇಳಕೋದ್ರೆ ನಾನ್ ನಿಂತ ಜಾಗಕ್ಕೆ ಸಗಣಿ ನೀರು ಉಯ್ದೋಳು. ಇವ್ಳಿಗೆ ನಾಕು ಒತ್ತು ಸಾಕು, ಐದ್ನೇದ್ಕೆ ಕಕ್ತಾಳೆ. ಇದು ಓಟ್ಲು ಭಟ್ಟ. ನಮ್ ಗ್ಲಾಸ್ನ ಕಕ್ಕಸ್ ಗ್ವಾಡೆ ಮ್ಯಾಲೆ ಇಕ್ಕೋ ಸೂಳೆಮಗ..."

ಡ್ರೈವರುಗಳು, ಫಿಟ್ಟರುಗಳು ಸುತ್ತ ಸೇರಿದರು. ಒಬ್ಬ ಕಿಸಕ್ಕೆಂದ.

"ಹೆಸರು ಬೇಡ್ವೋ, ಜಾಗ ಮಾತ್ರ ಹೇಳು!" ಅಂದರು ಇಂಜಿನಿಯರು.

"ಎಸ್ರು ಬುಟ್ರೆ ಜಾಗ ನೆಪ್ಪಾಗಕಿಲ್ಲ ಬುದ್ಧೀ."

ಇಂಜಿನಿಯರು ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಬೇಕಾಯಿತು. ನಿಂಗಯ್ಯಣ್ಣನ ಮಗಳನ್ನು ಬಾಗಿಲಾಚೆ ಕೂರಿಸಿದ ಮೇಷ್ಟ್ರು, ಗಾಯಕ್ಕೆ ಕಡ್ಡಿಯಲ್ಲಿ ಮುಲಾಮು ಹಚ್ಚಿದ ಕಂಪೌಂಡರು. ನಾನು ಬರೆಯುತ್ತಾ ಹೋದೆ. ಇಪ್ಪತ್ತೆರಡಕ್ಕೆ ನಿಂಗಯ್ಯಣ್ಣ ಹೊರಬಂದು ಕೈ ಒರೆಸಿಕೊಂಡ.

"ಇನ್ನೊಂದು?"

"ಅದು ತಮ್ದು."

ಕಿಸಕ್ಕೆಂದಿದ್ದವನು ಇಂಜಿನಿಯರ ಕಡೆ ತಿರುಗಿದ.

"ಮುಂಚೆ ಅಳೇ ಇಂಜಿನಿಯರ್‍ದಾಗಿತ್ತು. ಅವ್ರು ವರ್ಗ ಆದ್ಮೇಲೆ ತಮ್ದು. ದಿನಾ ತಮ್ಗೇ ಮೊದ್ಲು ತುರುಕ್ತಿದ್ದೆ."

"ಎಲ್ಲೋ ಇದೆ ಅದು?"

"ನಿಮ್ದು ನೀವೇ ಉಡುಕ್ಕಳಿ."

"ಪೊಲೀಸಿಗೆ ಕೊಡ್ತೀನಿ ನಿನ್ನ!"

"ಏನಂತ ಬರುಸ್ತೀರಾ ಬುದ್ಧೀ? ನನ್ ನಿಪ್ಲು ತೋರುಸ್ನಿಲ್ಲ ಅಂತಲಾ?"

ಕೈಗನ್ನನ್ನು ಹೊಗೆ ಕೊಳವೆಗೆ ನೇತುಹಾಕಿ ಗೇಟಿನ ಕಡೆ ನಡೆದ. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಇಂಜಿನಿಯರ ಬಿಳಿ ಪ್ಯಾಂಟಿನ ಎರಡು ಕಾಲುಗಳಷ್ಟೇ ಬುಲ್ಡೋಜರಿನ ಹೊರಗೆ ಕಾಣುತ್ತಿದ್ದವು. "ಬ್ಯಾಟರಿ ಈ ಕಡೆ ಹಿಡಿಯೋ ಮುಂಡೇದೇ!" ಎಂದು ಒಳಗಿಂದ ಕೂಗು. ಬಿಂದುಮಾಧವ ಹಿಡಿದೇ ಇದ್ದ. ಇಪ್ಪತ್ತಮೂರರ ಮುಂದೆ ನಾನು ಇಂಜಿನಿಯರ ಹೆಸರು ಬರೆದು, ಜಾಗ ಖಾಲಿ ಬಿಟ್ಟು, ಕೆಳಗೆ ನನ್ನ ರುಜು ಹಾಕಿದೆ.

ಸೋಮವಾರ ಗಾಡಿ ಚಾಲೂ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಚೆಂಡುಹೂವಿನ ಹಾರ ಹಾಕಿಸಿಕೊಂಡು ಬುಲ್ಡೋಜರು ಸುಮ್ಮನೆ ನಿಂತಿತ್ತು. ಮಂತ್ರಿಗಳು ಗುದ್ದಲಿಯಲ್ಲಿ ಮಣ್ಣು ಕೆದಕಿ ಹೋದರು. ಆಮೇಲೆ ನಮ್ಮ ಕೇರಿಗೆ ಮೂರು ಸಲ ಜವಾನ ಬಂದ, ಒಂದೇ ಒಂದು ಸಲ ಬಂದು ತೋರಿಸಿ ಹೋಗಬೇಕಂತೆ ಎಂದು. ನಿಂಗಯ್ಯಣ್ಣ ಉದಯಗಿರಿ ಕಡೆ ಇಟ್ಟಿಗೆ ಹೊರಲು ಹೋಗುತ್ತಿದ್ದ. ಬರಲಿಲ್ಲ.

ನಾನೂ ಒಂದು ದಿನ ಯಾರೂ ಇಲ್ಲದಾಗ ಗಾಡಿಯ ಅಡಿಗೆ ತೂರಿ, ಒಂದೊಂದನ್ನೂ ಬೆರಳಿಟ್ಟು ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ. ಇಪ್ಪತ್ತೆರಡೇ. ಇಪ್ಪತ್ತಮೂರು ಹೆಸರು ನಾನು ಕಿವಿಯಲ್ಲಿ ಕೇಳಿದ್ದು ನಿಜ. ಇಪ್ಪತ್ತಮೂರನೆಯ ನಿಪ್ಲನ್ನು ಕಣ್ಣಲ್ಲಿ ಕಂಡಿಲ್ಲ. ಅದು ಅಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಿಂಗಯ್ಯಣ್ಣನನ್ನು ಕೇಳಬಹುದು. ಅವನು ಈಗ ಎಷ್ಟು ಹೆಸರು ಹೇಳಿಕೊಳ್ಳುತ್ತಾನೆ, ಅದರಲ್ಲಿ ನನ್ನದೂ ಇದೆಯೇ, ಅದೂ ಗೊತ್ತಿಲ್ಲ. ಹಾಗಾಗಿ ಕೇಳಿಲ್ಲ.