ಆರು ಸ್ಕ್ರೂ, ಎಂಟು ಧರ್ಮಪಿತರು

ದೇವರು ಮನುಷ್ಯನಿಗೆ ಬೆನ್ನು ಕೊಟ್ಟದ್ದು ಬಾಗಲಿ ಎಂದು. ಎಲ್ ಆಲ್ತೊ ಊರಿನ ಸಂತೆಯ ಇಲಾರಿಯಾ ಕೊಂದೋರಿ ಆ ಕೊಡುಗೆಯನ್ನು ನಲವತ್ತು ವರ್ಷ ಚೆನ್ನಾಗಿಯೇ ಬಳಸಿದ್ದಳು. ಆಲೂಗಡ್ಡೆಯ ಗಂಟನ್ನು ಬೆನ್ನಿಗೆ ಕಟ್ಟಿ ತಂದು, ನೆಲದ ಮೇಲೆ ಕಂಬಳಿ ಹಾಸಿ, ರಾಶಿಯ ಹಿಂದೆ ಕಾಲು ಮಡಿಸಿ ಕೂತು, ಬಾಗಿ ಬಾಗಿ ಕೊಳೆತದ್ದನ್ನು ಆರಿಸಿ ಎಸೆದು ಮಾರುವುದೇ ಅವಳ ಬದುಕು. ಅರವತ್ತೊಂದು ತುಂಬುವ ಹೊತ್ತಿಗೆ ಬೆನ್ನು ಮುಷ್ಕರ ಹೂಡಿತು. ನಿಂತರೆ ಸಾಕು, ಸೊಂಟದಿಂದ ಎಡಗಾಲ ಹೆಬ್ಬೆರಳಿನವರೆಗೆ ಕಾದ ತಂತಿ ಎಳೆದಂತೆ ನೋವು. ಭಾನುವಾರದ ಬಲಿಪೂಜೆಯಲ್ಲಿ ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತೂ ನೆಟ್ಟಗೆ ನಿಲ್ಲಲಾಗದು. ಮುಂದಿನ ಬೆಂಚಿಗೆ ಬಾಗಿ ಹಣೆ ಹಚ್ಚಿದರೆ ಮಾತ್ರ ಉಸಿರು. ಈಕೆಗೆ ಈಚೆಗೆ ಭಕ್ತಿ ಹೆಚ್ಚಾಗಿದೆ ಎಂದು ಪಾದ್ರಿಗಳು ಮೆಚ್ಚಿಕೊಂಡರು.

ಆಸ್ಪತ್ರೆಯ ಡಾಕ್ಟರ್ ಉರ್ಕಿದಿ ಸ್ಕ್ಯಾನಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡೀಮ್ಮಾ, ಬೆನ್ನುಮೂಳೆ ಸವೆದು ಸವೆದು ನರ ಹಾಯೋ ದಾರಿ ಕಿರಿದಾಗಿದೆ. ಮಾತ್ರೆ, ಸೂಜಿ, ವ್ಯಾಯಾಮ ಎಲ್ಲಾ ಎರಡು ವರ್ಷ ನೋಡಿದ್ದಾಯ್ತು. ಇನ್ನು ಒಂದೋ, ಸಣ್ಣದಾಗಿ ಕುಯ್ದು ನರ ಒತ್ತೋ ಎಲುಬಿನ ಚೂರು ತೆಗೀಬೇಕು. ಇಲ್ಲಾ, ಅದರ ಜೊತೆಗೆ ಆರು ಸ್ಕ್ರೂ, ಎರಡು ಸರಳು ಹಾಕಿ ಮೂಳೆ ಬೆಸೀಬೇಕು."

"ಬೆಸೆದ್ರೆ ನೆಲದ ಮೇಲೆ ಕೂರಬಹುದಾ?"

"ಕಷ್ಟ. ಆ ಜಾಗ ಮತ್ತೆ ಬಾಗಲ್ಲ. ನಾಲ್ಕು ತಿಂಗಳು ಸಂತೇನೂ ಇಲ್ಲ."

"ಹಂಗಾದ್ರೆ ನಂಗ್ಯಾವುದು?"

"ನಿಮ್ಮ ಮೂಳೆ ಜಾರಿಲ್ಲ, ಸಣ್ಣದು ಸಾಕು ಅನ್ನಿಸತ್ತೆ. ನಡಿಗೆ ಸುಲಭ ಆಗ್ಬಹುದು. ಪಾದದ ಜೋಮು ಹೋಗೇ ಹೋಗತ್ತೆ ಅಂತ ಮಾತು ಕೊಡಲ್ಲ. ಮುಂದೆ ಮೂಳೆ ಜಾರಿದ್ರೆ ಸ್ಕ್ರೂ ಇದ್ದೇ ಇದೆ. ಯೋಚ್ನೆ ಮಾಡಿ, ಗುರುವಾರ ಬಂದು ಹೇಳಿ."

ಯೋಚನೆಗೆ ಉಳಿದದ್ದೇನೂ ಇರಲಿಲ್ಲ. ಆದರೆ ಅವಳು ಗಂಡ ಫೆರ್ಮಿನನಿಗೆ ಹೇಳಿದಳು, ಅವನು ನೆಮೆಸಿಯೊನಿಗೆ ಹೇಳಿದ.

ನಮ್ಮಲ್ಲಿ ಧರ್ಮಪಿತನಿಲ್ಲದೆ ಹುಲ್ಲುಕಡ್ಡಿಯೂ ಅಲುಗದು. ಮಗುವಿನ ಜ್ಞಾನಸ್ನಾನಕ್ಕಂತೂ ಬೇಕೇ ಬೇಕು. ಮದುವೆಯ ಕೇಕಿಗೊಬ್ಬ, ಬಿಯರಿಗೊಬ್ಬ, ಬ್ಯಾಂಡಿಗೊಬ್ಬ, ಶಾಲೆಯ ಕಾಲ್ಚೆಂಡಿಗೂ ಒಬ್ಬ. ದುಡ್ಡು ಹಾಕಿ ಕೊಡಿಸಿದವನ ಹೆಸರು ರಿಬ್ಬನ್ನಿನ ಮೇಲೆ, ಅವನ ಬುದ್ಧಿಮಾತು ಸಾಯುವತನಕ ಮನೆಯೊಳಗೆ. ನೆಮೆಸಿಯೊನ ಮಗನನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದವಳು ಇಲಾರಿಯಾಳೇ. ಅಂದಿನಿಂದ ಇಬ್ಬರೂ ಧರ್ಮದ ಬೀಗರು: ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಆ ಋಣ ತೀರಿಸಲು ಪುಣ್ಯಾತ್ಮ ಇಪ್ಪತ್ತು ವರ್ಷದಿಂದ ಕಾದಿದ್ದ. ಆರು ಸ್ಕ್ರೂ, ಎರಡು ಸರಳು, ತಲಾ ಒಬ್ಬ ಧರ್ಮಪಿತ. ಭಾನುವಾರ ಎಂಟು ಹೆಸರು ಬರೆಸಿಕೊಂಡೇ ಮನೆಗೆ ಬಂದ.

"ಕೊಮಾದ್ರೆ, ಎಲ್ಲಾ ಗೊತ್ತು ಮಾಡ್ದೆ. ಮೇಲಿನ ಎಡಗಡೆ ಸ್ಕ್ರೂ ನಂದು. ಬಲಗಡೇದು ಲೆಯೊಕಾದಿಯಾದು."

ಸಂತೆಯಲ್ಲಿ ಇಲಾರಿಯಾಳ ಪಕ್ಕದಲ್ಲೇ ಈರುಳ್ಳಿ ಮಾರುವ ಲೆಯೊಕಾದಿಯಾ ಅವನ ಜೊತೆಗೇ ಬಂದಿದ್ದಳು, ಶಾಲು ಸರಿಪಡಿಸಿಕೊಂಡಳು. "ಮೊದ್ಲು ನಂಗೆ ಕೆಳಗಿನ ಸ್ಕ್ರೂ ಬರೆದಿದ್ದ, ನೋಡು. ನಾನೇನು ಅಷ್ಟು ಕೀಳಾ?"

"ಡಾಕ್ಟ್ರು ಸಣ್ಣ ಆಪರೇಷನ್ ಸಾಕು ಅಂದ್ರು," ಎಂದಳು ಇಲಾರಿಯಾ.

"ಸಣ್ಣದಾ? ಅದರಲ್ಲಿ ಏನೇನು ಹಾಕ್ತಾರೆ?"

"ಏನೂ ಹಾಕಲ್ಲ. ತೆಗೀತಾರೆ."

ನೆಮೆಸಿಯೊ ಹೆಸರಿನ ಪಟ್ಟಿಯನ್ನೊಮ್ಮೆ, ಅವಳ ಸೊಂಟವನ್ನೊಮ್ಮೆ ನೋಡಿದ.

"ಏನೂ ಹಾಕದ ಆಪರೇಷನ್ನಿಗೆ ಯಾರು ಬರ್ತಾರೆ?" ಎಂದ ನೆಮೆಸಿಯೊ. "ನಾನು ಬ್ಯಾಂಡಿನೋನಿಗೆ ಹೇಳಾಯ್ತು. ಸ್ಕ್ರೂಗಳನ್ನ ಪಾದ್ರಿಗಳ ಹತ್ರ ಮಂತ್ರಿಸ್ಕೊಂಡು, ಬಿಯರ್ ಚಿಮುಕಿಸಿ..."

"ನನ್ನ ಮೈಯೊಳಗೆ ಹೋಗೋದಕ್ಕೆ ಬಿಯರಾ?"

"ಎರಡೇ ಹನಿ, ಕೊಮಾದ್ರೆ. ಮಿಕ್ಕಿದ್ದು ನಮ್ಮ ಮೈಯೊಳಗೆ."

"ಡಾಕ್ಟ್ರಿಗೇನು ಗೊತ್ತು ಬಿಡು," ಎಂದಳು ಲೆಯೊಕಾದಿಯಾ ಕರುಣೆಯಿಂದ. "ಓದಿದೋರು ಪಾಪ."

ಫೆರ್ಮಿನ್ ನೆಲ ನೋಡುತ್ತಿದ್ದ. ಅವನು ಮೊದಲೇ ಹೂಂ ಅಂದಾಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಾರಿಯಾ ಬೇಡವೆಂದರೆ ಎಂಟು ಮನೆಯ ಮುಖಕ್ಕೆ ಬಾಗಿಲು ಹಾಕಿದಂತೆ. ನಾಳೆ ಅವಳು ಕ್ಷಣಹೊತ್ತು ಎದ್ದು ಹೋದರೆ ರಾಶಿ ಕಾಯುವವರಿಲ್ಲ, ಸತ್ತರೆ ಹೊರುವವರಿಲ್ಲ. ಬೇಕೆಂದರೆ ರಾಶಿಯ ಹಿಂದೆ ಕೂರುವ ಸೊಂಟವೇ ಇಲ್ಲ.

ಮಂಗಳವಾರ ಚರ್ಚಿಗೆ ಹೋಗಿ ಅಮ್ಮನವರ ಮುಂದೆ ಬಾಗಿ ಕೂತಳು. ಮಗ ಶಿಲುಬೆಯ ಮರ ಹೊತ್ತು ನಡೆದದ್ದನ್ನು ಕಣ್ಣಾರೆ ಕಂಡ ತಾಯಿ. ಅಂಥವಳನ್ನು ಮೊಳೆಗಳ ವಿಚಾರ ಕೇಳಲು ಇಲಾರಿಯಾಳಿಗೆ ನಾಚಿಕೆಯಾಯಿತು. ಸುಮ್ಮನೆ ಅತ್ತು ಎದ್ದುಬಂದಳು. ಅತ್ತದ್ದರಿಂದ ಮನಸ್ಸು ತಿಳಿಯಾಯಿತು.

ಬುಧವಾರ ಎಲ್ಲರನ್ನೂ ಕರೆದು, ಸೂಪು ಬಡಿಸಿ, ಅವರ ಬಾಯಿ ತುಂಬಿರುವಾಗಲೇ ಹೇಳಿದಳು:

"ಕೊಂಪಾದ್ರೆ, ಸ್ಕ್ರೂ ಬೇಡ. ನಿಮ್ಮೆಲ್ಲರ ಹೆಸರೂ ನನ್ನ ಎದೆಯೊಳಗಿರ್ಲಿ, ಸೊಂಟದೊಳಗೆ ಬೇಡ. ಕೂತು ಏಳೋಳು ನಾನು. ಸಿಟ್ಟಾಗೋರು ಆಗಿ. ನಾಳೆಯಿಂದ ನನ್ನ ಜೊತೆ ಮಾತು ಬಿಟ್ರೂ ಸರಿ."

ಲೆಯೊಕಾದಿಯಾ ಚಮಚ ಕೆಳಗಿಟ್ಟಳು. ನೆಮೆಸಿಯೊ ಬಟ್ಟಲನ್ನು ದೂರ ತಳ್ಳಿ ಟೋಪಿ ಕೈಗೆತ್ತಿಕೊಂಡ. ಬಾಗಿಲತನಕ ಹೋದವನು ನಿಂತ.

"ತೆಗೆದ ಎಲುಬನ್ನ ಏನ್ ಮಾಡ್ತಾರೆ?"

"ಬಿಸಾಡ್ತಾರೇನೋ."

"ಬಿಸಾಡೋದಾ!" ಅವನು ತಿರುಗಿ ಬಂದು ಕೂತ. "ಜ್ಞಾನಸ್ನಾನ ಆದ ಎಲುಬು, ಕೊಮಾದ್ರೆ! ನಾಯಿ ಪಾಲಾದ್ರೆ ಪುನರುತ್ಥಾನದ ದಿನ ದೇವರು ಎಲ್ಲಿ ಹುಡುಕ್ಬೇಕು? ಮಣ್ಣು ಮಾಡ್ಬೇಕು, ಕ್ರಮವಾಗಿ. ಎಷ್ಟು ದೊಡ್ಡದಿರತ್ತೆ?"

"ಉಗುರಿನಷ್ಟು ಅಂದ್ರು."

"ಪೆಟ್ಟಿಗೆ ನಂದು," ಎಂದಳು ಲೆಯೊಕಾದಿಯಾ ತಟ್ಟನೆ.

"ಹೊರೋಕೆ ಆರು ಜನ ಸಾಕಾಗ್ತಾರಾ?" ಎಂದು ಫೆರ್ಮಿನ್ ಮೊದಲ ಬಾರಿ ಬಾಯಿಬಿಟ್ಟ.

ಇಲಾರಿಯಾ ಮೇಜಿಗೆ ಕೈಯೂರಿ ಬಾಗಿ ನಿಂತು ಎಲ್ಲರನ್ನೂ ನೋಡಿದಳು. "ಏನಾದ್ರೂ ಮಾಡ್ಕೊಳ್ಳಿ. ಅವತ್ತಿನ ಅಡುಗೆ ಮಾತ್ರ ನಾನು ಮಾಡಲ್ಲ."

ಗುರುವಾರ ಅವಳು ಸಣ್ಣ ಆಪರೇಷನ್ನಿನ ಕಾಗದಕ್ಕೆ ದೊಡ್ಡ ಅಕ್ಷರದಲ್ಲಿ ರುಜು ಹಾಕಿದಳು.

"ಮನೆಯೋರೆಲ್ಲ ಒಪ್ಪಿದ್ರಾ?" ಎಂದು ಡಾಕ್ಟರು ಕೇಳಿದರು.

"ಒಪ್ಪಿದ್ರು ಡಾಕ್ಟ್ರೇ. ತೆಗೆದ ಚೂರನ್ನ ಒಂದು ಡಬ್ಬೀಲಿ ಹಾಕಿ ಕೊಡಿ. ಹೊರಗಡೆ ಬ್ಯಾಂಡಿನೋರು ಕಾಯ್ತಿರ್ತಾರೆ."